ಮದುವೆಯಾಗದ ತಂದೆ-ತಾಯಿ, ಗಡಿ ದಾಟುವ ಮಗು: ಭೇಟಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆ. ಬೀದರ್, ಯಾದಗಿರಿ ಕಡೆಯಿಂದಲೂ ಜನ ಬರುತ್ತಾರೆ. ನಮ್ಮ ಮೂರೂ ಜಿಲ್ಲೆಗಳಿಗೆ ರಾಜ್ಯದ ಗಡಿ ದೂರದ ಮಾತಲ್ಲ. ಆಳಂದ ದಾಟಿದರೆ ಮಹಾರಾಷ್ಟ್ರ, ಗುರುಮಠಕಲ್ ದಾಟಿದರೆ ತೆಲಂಗಾಣ, ಬೀದರಿಗಂತೂ ಎರಡೂ ಪಕ್ಕದಲ್ಲೇ. ಗುಳೆ ಹೋಗುವವರು ಸಂಜೆ ಬುತ್ತಿ ಕಟ್ಟಿಕೊಂಡು ರೈಲು ಹತ್ತಿದರೆ ಬೆಳಗಾಗುವುದರೊಳಗೆ ಪುಣೆ, ಮುಂಬೈ. ಹಾಗೆ ಹೊರಟವರ ಜೊತೆ ಮಗುವೂ ಹೊರಟಾಗ, ಅದರ ತಂದೆ-ತಾಯಿಗೆ ಮದುವೆಯೇ ಆಗಿರದಿದ್ದಾಗ, ನನ್ನ ಮುಂದೆ ಬಂದು ಕೂರುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಪ್ರಕರಣದ ವಿವರ ನೋಡಿ ನಿಮ್ಮ ವಕೀಲರು ಹೇಳುವ ಮಾತೇ ಕೊನೆಯದು. ಅವರ ಬಳಿ ಹೋಗುವ ಮುನ್ನ ಇದನ್ನು ಓದಿಕೊಂಡಿದ್ದರೆ ಏನು ಕೇಳಬೇಕು ಅನ್ನುವುದು ತಿಳಿದಿರುತ್ತದೆ.

ಮದುವೆಯಾಗದೆ ಹುಟ್ಟಿದ ಮಗು ಕಾನೂನಿನ ಪ್ರಕಾರ ಯಾರ ಸುಪರ್ದಿನಲ್ಲಿರಬೇಕು?

ಹಿಂದೂಗಳಿಗೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವದ ಕಾಯ್ದೆ ಇದೆ. ಅದರ 6ನೇ ಕಲಮಿನಲ್ಲಿ ನೇರವಾಗಿ ಬರೆದಿದ್ದಾರೆ: ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ಮೊದಲ ಸ್ವಾಭಾವಿಕ ಪಾಲಕಿ ತಾಯಿ, ಅವಳ ನಂತರ ತಂದೆ. ಬೌದ್ಧ, ಜೈನ, ಸಿಖ್ಖರಿಗೂ ಇದೇ ಕಾಯ್ದೆ. ಆದರೆ ಅದೇ ಕಾಯ್ದೆಯ 13ನೇ ಕಲಮು ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ. ಮಗುವಿನ ಹಿತವೇ ಮುಖ್ಯ, ಉಳಿದದ್ದೆಲ್ಲ ಆಮೇಲೆ ಅನ್ನುತ್ತದೆ ಅದು. ತಾಯಿಗೆ ಪಾಲಕತ್ವ ಇದೆ ಅಂದ ಮಾತ್ರಕ್ಕೆ ತಂದೆಗೆ ಬಾಗಿಲು ಮುಚ್ಚಿತು ಅಂತಲ್ಲ. ತಂದೆ ಅರ್ಜಿ ಹಾಕಬಹುದು ಅಂದ ಮಾತ್ರಕ್ಕೆ ಮಗು ಅವನ ಕೈಗೆ ಬಂತು ಅಂತಲೂ ಅಲ್ಲ.

ಮುಸ್ಲಿಮರು, ಕ್ರೈಸ್ತರು ಏನು ಮಾಡಬೇಕು?

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಕೋರ್ಟಿನಲ್ಲಿ ನಾವು 'ಜಿ ಅಂಡ್ ಡಬ್ಲ್ಯೂ ಕೇಸು' ಅನ್ನುವುದು ಇದಕ್ಕೇ. ಸುಪ್ರೀಂ ಕೋರ್ಟು 2015ರಲ್ಲಿ, ಮದುವೆಯಾಗದ ತಾಯಿ ತನ್ನ ಮಗುವಿಗೆ ಪಾಲಕಿಯಾಗಲು ತಂದೆಯ ಹೆಸರು ಹೇಳಲೇಬೇಕು, ಅವನಿಗೆ ನೋಟಿಸು ಕೊಡಲೇಬೇಕು ಅಂತೇನಿಲ್ಲ ಎಂದು ತೀರ್ಪು ಕೊಟ್ಟಿತು. ಅಂದು ಕೋರ್ಟಿಗೆ ಹೋಗಿದ್ದವರು ಒಬ್ಬ ಕ್ರೈಸ್ತ ತಾಯಿ.

"ನಾ ತಾಯಿ ಇದ್ದೀನಿ. ಕೂಸಿನ್ನ ಕರ್ಕೊಂಡು ಹೈದರಾಬಾದಿಗಿ ಹೋಗ್ಲಾಕ ಅವರಪ್ಪನ ಒಪ್ಪಿಗಿ ಬೇಕೇನ್ರಿ?"

ಯಾವ ಕೋರ್ಟಿನಲ್ಲೂ ಕೇಸು ಇಲ್ಲ, ಆದೇಶವೂ ಇಲ್ಲ ಅಂದರೆ ಬೇಕಿಲ್ಲ. ಕೆಲಸಕ್ಕೆ, ತವರಿಗೆ, ಓದಿಗೆ ಎಂದು ನೀವು ಮಗುವಿನೊಂದಿಗೆ ಹೋಗುವುದು ಅಪರಾಧವಲ್ಲ.

ಆದರೂ ನನ್ನ ಬಳಿ ಬರುವ ತಾಯಂದಿರಿಗೆ ಒಂದು ಮಾತು ಹೇಳುತ್ತೇನೆ. ರಾತ್ರೋರಾತ್ರಿ, ಹೇಳದೆ ಕೇಳದೆ ಹೋಗಬೇಡಿ. ಜೀವಕ್ಕೆ ಅಪಾಯ ಇದ್ದಾಗಿನ ಮಾತು ಬೇರೆ, ಅದನ್ನು ಕೆಳಗೆ ಬರೆದಿದ್ದೇನೆ. ಹೊಡೆತ-ಬಡಿತ ಇಲ್ಲದ ಮನೆಯಲ್ಲಿ, ತಂದೆ ದಿನಾ ಮಗುವನ್ನು ಎತ್ತಿ ಆಡಿಸುತ್ತಿದ್ದನೆಂದರೆ, ಮುಂದೆ ನ್ಯಾಯಾಧೀಶರು ಮೊದಲು ಕೇಳುವುದೇ "ಯಾಕೆ ತಿಳಿಸಲಿಲ್ಲ?" ಅಂತ. ಎಲ್ಲಿಗೆ ಹೋಗುತ್ತಿದ್ದೀರಿ, ಮಗು ಯಾವ ಶಾಲೆಗೆ ಸೇರುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು, ಮುಂದಿನ ರಜೆಗೆ ಯಾವಾಗ ಬರುತ್ತೀರಿ: ಇಷ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಸಾಕು. ಆ ನಾಲ್ಕು ಸಾಲು ಎರಡು ವರ್ಷದ ನಂತರ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತವೆ.

ಕೇಸು ನಡೆಯುತ್ತಿದ್ದರೆ? ಆದೇಶ ಆಗಿದ್ದರೆ?

ಆಗ ಹಾಗೆಯೇ ಹೋಗುವಂತಿಲ್ಲ. ಕೋರ್ಟೇ ನಿಮ್ಮನ್ನು ಪಾಲಕರು ಎಂದು ನೇಮಿಸಿದ್ದರೆ ಅಥವಾ ಘೋಷಿಸಿದ್ದರೆ, ಅದರ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಕರೆದೊಯ್ಯಬಾರದು ಎನ್ನುತ್ತದೆ 1890ರ ಕಾಯ್ದೆಯ 26ನೇ ಕಲಮು. ಕೋರ್ಟಿನ ಕೈ ಮಗುವಿಗೆ ತಲುಪದಂತೆ ಮಾಡಲೆಂದೇ ಕರೆದೊಯ್ದರೆ 44ನೇ ಕಲಮಿನಂತೆ ದಂಡ, ಇಲ್ಲವೇ 6 ತಿಂಗಳವರೆಗೆ ಸಿವಿಲ್ ಜೈಲು. ಕೇಸು ಇನ್ನೂ ನಡೆಯುತ್ತಿದ್ದಾಗಲೂ ಮಗುವನ್ನು ಹೊರಗೆ ಕರೆದೊಯ್ಯಬಾರದೆಂದು ಮಧ್ಯಂತರ ಆದೇಶ ಆಗಿರಬಹುದು, ವಕೀಲರನ್ನು ಕೇಳಿ ನೋಡಿಸಿಕೊಳ್ಳಿ. ಕೆಲಸದ ಆಫರ್ ಲೆಟರ್, ಬಾಡಿಗೆ ಮನೆಯ ಕರಾರು, ಹೊಸ ಶಾಲೆಯ ಪ್ರವೇಶ ಪತ್ರ ಲಗತ್ತಿಸಿ ಒಂದು ಐಎ (ನಡೆಯುತ್ತಿರುವ ಕೇಸಿನೊಳಗೆ ಹಾಕುವ ಮಧ್ಯಂತರ ಅರ್ಜಿ) ಹಾಕಿದರೆ, ಕಾರಣ ನಿಜವಾಗಿದ್ದರೆ, ಅನುಮತಿ ಸಿಗುವುದುಂಟು. ಅರ್ಜಿಯ ಜೊತೆಗೇ "ತಂದೆಗೆ ಭೇಟಿ ಹೀಗೆ ಮಾಡಿಸುತ್ತೇನೆ" ಎಂದು ನೀವೇ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ನಾನು ತಂದೆ. ನಮ್ಮ ಮದುವೆಯಾಗಿಲ್ಲ. ಮಗುವನ್ನು ನೋಡುವ ಹಕ್ಕು ನನಗೆ ಇದೆಯೇ?

ತಾನಾಗಿಯೇ ಬರುವ ಹಕ್ಕಲ್ಲ, ಕೇಳಿ ಪಡೆಯಬೇಕಾದದ್ದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ ಪಾಲಕತ್ವ ಮತ್ತು ಸುಪರ್ದಿನ ಜೊತೆಗೆ ಮಗುವಿನ ಭೇಟಿಯೂ ಆ ಕೋರ್ಟಿನ ಕೆಲಸವೆಂದು ಬರೆದಿದೆ. ಮದುವೆಯಾದವರಿಗೆ ಮಾತ್ರ ಅಂತೇನಿಲ್ಲ.

ಕೋರ್ಟು ನೋಡುವುದು ನೀವು ಇದುವರೆಗೆ ಹೇಗಿದ್ದಿರಿ ಅನ್ನುವುದನ್ನು. ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿದ್ದಿರಾ? ಜನನ ಪ್ರಮಾಣಪತ್ರದಲ್ಲಿ ಹೆಸರಿದೆಯೇ? ಲಸಿಕೆ ಕಾರ್ಡು ಹಿಡಿದು ಅಂಗನವಾಡಿಗೆ ಹೋಗಿದ್ದೀರಾ? ತಿಂಗಳು ತಿಂಗಳು ರೊಕ್ಕ ಕಳಿಸಿದ್ದೀರಾ? ಒಬ್ಬ ಗೌಂಡಿ ಕೆಲಸದವರು ನನ್ನ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಸುರಿದಿದ್ದರು. ಅದರಲ್ಲಿ ಹಾಲಿನ ಪುಡಿಯ ರಸೀದಿ, ಜ್ವರದ ಔಷಧಿಯ ಚೀಟಿ, ಚಿಕ್ಕ ಬೂಟಿನ ಬಿಲ್ಲು, ಎಲ್ಲಾ ಮಡಚಿ ಮಡಚಿ ಹರಿಯುವಂತಾಗಿದ್ದವು. ಯಾವ ವಕೀಲರೂ ಅವರಿಗೆ ಅದನ್ನು ಇಟ್ಟುಕೊಳ್ಳಿ ಅಂದಿರಲಿಲ್ಲ. ನಾನು ಬರೆದ ಹತ್ತು ಪುಟದ ಅರ್ಜಿಗಿಂತ ಆ ಚೀಲಕ್ಕೆ ತೂಕ ಹೆಚ್ಚಿತ್ತು.

ಮಗು ನಿನ್ನದಲ್ಲ ಅಂತ ಆಕೆ ಹೇಳಿದರೆ ಡಿಎನ್‌ಎ ಪರೀಕ್ಷೆ ಮಾಡಿಸುತ್ತಾರೆಯೇ?

ಕೇಳಿದ ಕೂಡಲೇ ಮಾಡಿಸುವುದಿಲ್ಲ. ಬೇರೆ ದಾಖಲೆಗಳಿಂದ ವಿಷಯ ತೀರದಿದ್ದಾಗ ಮಾತ್ರ ಕೋರ್ಟು ಆ ದಾರಿ ಹಿಡಿಯುತ್ತದೆ. ಮಗು ಹುಟ್ಟಿದಾಗ ತಾಯಿಗೆ ಬೇರೊಬ್ಬರೊಂದಿಗೆ ಮದುವೆಯಾಗಿದ್ದರೆ ಸಂಗತಿ ಬಹಳ ಕಠಿಣ. ಆ ಮಗು ಗಂಡನದೇ ಎಂದು ಸಾಕ್ಷ್ಯ ಕಾನೂನು ಭಾವಿಸುತ್ತದೆ.

ಗುಡಿಯಲ್ಲಿ ತಾಳಿ ಕಟ್ಟಿದ್ದ, ಆದರೆ ಅವನಿಗೆ ಮೊದಲೇ ಹೆಂಡತಿ ಇದ್ದಳು. ನಾವು ಮದುವೆಯಾದವರೋ, ಆಗದವರೋ?

ಮೊದಲ ಹೆಂಡತಿ ಬದುಕಿದ್ದು ವಿಚ್ಛೇದನ ಆಗಿರದಿದ್ದರೆ ಹಿಂದೂ ವಿವಾಹ ಕಾಯ್ದೆಯಂತೆ ಆ ಮದುವೆ ಅಸಿಂಧು. ಆದರೂ ಅದರಲ್ಲಿ ಹುಟ್ಟಿದ ಮಗುವನ್ನು ಅದೇ ಕಾಯ್ದೆಯ 16ನೇ ಕಲಮು ಔರಸ (ಕಾನೂನುಬದ್ಧ) ಮಗು ಎಂದೇ ಎಣಿಸುತ್ತದೆ. ಹಾಗಾಗಿ "ತಾಯಿಯೇ ಮೊದಲು" ಅನ್ನುವ ಮೇಲಿನ ಮಾತು ನಿಮಗೆ ಹಾಗೇ ಅನ್ವಯಿಸದೆ ಹೋಗಬಹುದು. ನಮ್ಮ ಕಡೆ ಇಂಥ ಸಂಬಂಧಗಳು ಬಹಳ. ನಾಚಿಕೆಗೆ ಇದನ್ನು ವಕೀಲರ ಮುಂದೆ ಮುಚ್ಚಿಡುವವರೂ ಬಹಳ. ದಯಮಾಡಿ ಮೊದಲ ದಿನವೇ ಹೇಳಿಬಿಡಿ.

ಕೇಸು ಎಲ್ಲಿ ಹಾಕಬೇಕು? ಮಗು ಪುಣೆಯಲ್ಲಿದೆ, ನಾನು ಶಹಾಪುರದಲ್ಲಿದ್ದೇನೆ.

ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಅಲ್ಲಿನ ಕೋರ್ಟಿನಲ್ಲಿ. ಇದು 1890ರ ಕಾಯ್ದೆಯ 9ನೇ ಕಲಮು. ನಿಮ್ಮ ಊರು ಯಾವುದು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

"ಸಾಮಾನ್ಯವಾಗಿ" ಅನ್ನುವ ಆ ಒಂದು ಶಬ್ದದ ಮೇಲೆಯೇ ಅರ್ಧ ಜಗಳ ನಡೆಯುತ್ತದೆ. ಮಗು ಮೂರು ವರ್ಷ ಶಹಾಪುರದಲ್ಲಿ ಬೆಳೆದು, ಹೋದ ವಾರವಷ್ಟೇ ಪುಣೆಗೆ ಹೋಗಿದ್ದರೆ, ಅದರ ವಾಸ ಇನ್ನೂ ಇಲ್ಲೇ ಎಂದು ವಾದಿಸಬಹುದು. ಪುಣೆಯ ಶಾಲೆಯಲ್ಲಿ ಎರಡು ವರ್ಷ ಓದಿದ್ದರೆ ಆ ವಾದ ನಿಲ್ಲುವುದು ಕಷ್ಟ. ಆದ್ದರಿಂದ ತಂದೆಯಂದಿರಿಗೆ ನನ್ನ ಸಲಹೆ ಒಂದೇ: ಆರು ತಿಂಗಳು ನೋಡೋಣ, ಹಬ್ಬಕ್ಕೆ ಬಂದೇ ಬರುತ್ತಾರೆ ಎಂದು ಕೂರಬೇಡಿ. ಒಂದು ಶೈಕ್ಷಣಿಕ ವರ್ಷ ಮುಗಿಯಿತು ಅಂದರೆ ನೀವು ಅಲೆಯಬೇಕಾದ ಕೋರ್ಟೇ ಬೇರೆ ರಾಜ್ಯದ್ದಾಗಿರುತ್ತದೆ. ನಡೆಯುತ್ತಿರುವ ಕೇಸನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾದರೆ ಸುಪ್ರೀಂ ಕೋರ್ಟಿಗೇ ಹೋಗಬೇಕು.

ಕಲಬುರಗಿ, ಬೀದರಿನಲ್ಲಿ ಕೌಟುಂಬಿಕ ನ್ಯಾಯಾಲಯಗಳಿವೆ. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಗೆ ಬರದ ಊರಿನವರು ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಕೌಟುಂಬಿಕ ನ್ಯಾಯಾಲಯದ ಅಂತಿಮ ಆದೇಶದ ಮೇಲೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಮೂರೂ ಜಿಲ್ಲೆಯವರಿಗೆ ಹೈಕೋರ್ಟಿನ ಕಲಬುರಗಿ ಪೀಠ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ.

ಹಿರಿಯರು ಕೂತು ಬಾಂಡ್ ಪೇಪರ್ ಮೇಲೆ ಬರೆಸಿದ್ದಾರೆ. ಸಾಲದೇ?

ಒಳ್ಳೆಯ ಮನಸ್ಸಿನಿಂದ ಬರೆಸಿರುತ್ತಾರೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ನೋಟರಿ ಮುಂದೆ ಸಹಿ ಹಾಕಿದ ಬಾಂಡ್ ಕೋರ್ಟಿನ ಆದೇಶವಲ್ಲ. ಮುರಿದರೆ ನೇರವಾಗಿ ಅಮಲ್ಜಾರಿ ಮಾಡಿಸಲು ಬರುವುದಿಲ್ಲ.

ಇನ್ನೊಂದು ತೊಂದರೆ ಅದರೊಳಗಿನ ಬರವಣಿಗೆಯದು. ನಾನು ನೋಡಿದ ಬಾಂಡ್‌ಗಳಲ್ಲಿ ಬಹುಪಾಲು ಒಂದೇ ಸಾಲು: "ತಂದೆಯು ಯಾವಾಗ ಬೇಕಾದರೂ ಬಂದು ಮಗುವನ್ನು ನೋಡಿಕೊಂಡು ಹೋಗಬಹುದು." ಓದಲು ಎಷ್ಟು ಉದಾರ! ಕಲಬುರಗಿಯಿಂದ ಮುಂಬೈಗೆ ರಾತ್ರಿಯಿಡೀ ಕೂತು ಹೋದವನಿಗೆ ಬಾಗಿಲಲ್ಲಿ "ಇವತ್ತು ಟ್ಯೂಷನ್ ಅದ, ನಾಳಿ ಬಾ" ಅಂದರೆ ಅವನು ಏನು ತೋರಿಸಬೇಕು? ತಾಯಿಗೂ ಅಷ್ಟೇ. ಮುನ್ಸೂಚನೆಯಿಲ್ಲದೆ ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ಬಡಿದರೆ, ಅವನ ಕೈಯಲ್ಲಿ ಅದೇ ಬಾಂಡ್ ಇರುತ್ತದೆ.

ಹಿರಿಯರ ಮುಂದೆ ಒಪ್ಪಿದ್ದನ್ನೇ ದಿನಾಂಕ, ಗಂಟೆ ಹಾಕಿ ಜಂಟಿ ಮೆಮೊ (ಇಬ್ಬರೂ ಸಹಿ ಮಾಡಿದ ಒಪ್ಪಂದದ ಪತ್ರ) ಮಾಡಿ ಕೋರ್ಟಿಗೆ ಕೊಡಿ. ಕೌಟುಂಬಿಕ ನ್ಯಾಯಾಲಯ ರಾಜಿಗೆ ಪ್ರಯತ್ನ ಮಾಡಲೇಬೇಕೆಂದು ಕಾಯ್ದೆಯಲ್ಲೇ ಇದೆ. ಆ ರಾಜಿಯಂತೆ ಆದೇಶವಾದರೆ ಅದೇ ಮಾತಿಗೆ ಬಲ ಬರುತ್ತದೆ.

ಬೇರೆ ರಾಜ್ಯದಲ್ಲಿರುವ ಮಗುವಿನ ಭೇಟಿ ಆದೇಶದಲ್ಲಿ ಏನೇನು ಇರಬೇಕು?

ಈ ಪ್ರಶ್ನೆಗೆ ಸಮಯ ಕೊಡಿ. ಹೊರಡುವ ಮುನ್ನ ಇದೊಂದನ್ನು ಸರಿಯಾಗಿ ಬರೆಸಿಕೊಂಡ ಕುಟುಂಬಗಳು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದ್ದು ಕಡಿಮೆ.

ಒಂದೇ ಊರಿನಲ್ಲಿದ್ದರೆ ಭಾನುವಾರದ ಭೇಟಿ ಸಾಕು. ದೂರವಿದ್ದರೆ ವಾರ ವಾರ ಓಡಾಡಿಸಿ ಮಗುವಿನ ಓದು ಕೆಡಿಸಬಾರದು, ಬದಲಿಗೆ ದೀರ್ಘ ವಾರಾಂತ್ಯ ಮತ್ತು ರಜೆಗಳಲ್ಲಿ ಭೇಟಿ ಕೊಡಬೇಕು ಎಂದು ಸುಪ್ರೀಂ ಕೋರ್ಟು 2020ರ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಭೇಟಿಯ ವಿವರಗಳನ್ನು ಆದೇಶದಲ್ಲಿ ಬಿಡಿಸಿ ಬರೆಯಬೇಕು ಅಂತಲೂ ಹೇಳಿದೆ. ಆ ಪ್ರಕರಣ ಗಂಡ-ಹೆಂಡತಿಯದು, ಆದರೆ ಅಲ್ಲಿನ ಮಾತು ಮಗುವಿನ ಕಡೆಯಿಂದ ಆಡಿದ್ದು. ಅದಕ್ಕೇ ಮದುವೆಯಾಗದವರ ಪ್ರಕರಣದಲ್ಲೂ ನಾವು ಅದನ್ನು ಮುಂದಿಡುತ್ತೇವೆ.

ರಜೆ ಅಂತ ಬರೆದರೆ ಯಾವ ರಾಜ್ಯದ ರಜೆ? ನಮ್ಮಲ್ಲಿ ದಸರಾ ರಜೆ ದೊಡ್ಡದು, ಮಹಾರಾಷ್ಟ್ರದಲ್ಲಿ ದೀಪಾವಳಿ ರಜೆ ದೊಡ್ಡದು. ನಮ್ಮ ಶಾಲೆಗಳು ಜೂನ್ ಹುಟ್ಟುವ ಹೊತ್ತಿಗೆ ತೆರೆದರೆ ಮಹಾರಾಷ್ಟ್ರ, ತೆಲಂಗಾಣದಲ್ಲಿ ಜೂನ್ ಮಧ್ಯಕ್ಕೆ. "ದಸರಾ ರಜೆಯಲ್ಲಿ ಹತ್ತು ದಿನ" ಎಂದು ಕಲಬುರಗಿಯಲ್ಲಿ ಕೂತು ಬರೆಸಿಕೊಂಡ ತಂದೆಗೆ, ಪುಣೆಯ ಶಾಲೆ ಅಷ್ಟು ರಜೆಯನ್ನೇ ಕೊಡದಿದ್ದಾಗ ಮಗು ಸಿಗಲಿಲ್ಲ. ಮಗು ಓದುವ ಶಾಲೆಯ ಕ್ಯಾಲೆಂಡರ್ ಪ್ರಕಾರ ಎಂದು ಬರೆಸಿ, ಪ್ರತಿ ಜೂನ್‌ನಲ್ಲಿ ಆ ಕ್ಯಾಲೆಂಡರಿನ ಫೋಟೊ ಕಳಿಸುವ ಜವಾಬ್ದಾರಿ ಯಾರದು ಅನ್ನುವುದನ್ನೂ ಬರೆಸಿ.

ಮಗುವನ್ನು ಒಪ್ಪಿಸುವ ಜಾಗ ಯಾವುದು? ಕೆಲವರು ಸೊಲ್ಲಾಪುರ ನಿಲ್ದಾಣ ಅನ್ನುತ್ತಾರೆ, ಪುಣೆ ಕಡೆಯಿಂದ ಬರುವವರಿಗೂ ನಮ್ಮವರಿಗೂ ನಡುವಿನ ಜಾಗ. ಹೈದರಾಬಾದ್ ಕಡೆಯವರಿಗೆ ಬೀದರ್ ಬಸ್ ನಿಲ್ದಾಣ ಅನುಕೂಲ. ಬೆಳಿಗ್ಗೆ ಎಷ್ಟು ಗಂಟೆಗೆ, ಗಾಡಿ ತಡವಾದರೆ ಎಷ್ಟು ಹೊತ್ತು ಕಾಯಬೇಕು, ಟಿಕೆಟ್ ಖರ್ಚು ಯಾರದು, ಜೊತೆಗೆ ಯಾರು ಬರಬಹುದು. ಮಗುವಿಗೆ ಜ್ವರ ಬಂದು ಒಂದು ಭೇಟಿ ತಪ್ಪಿದರೆ ಬದಲಿ ದಿನ ಯಾವುದು. ವಿಳಾಸ, ಫೋನ್ ನಂಬರ್, ಶಾಲೆ ಬದಲಾದರೆ ಎಷ್ಟು ದಿನದೊಳಗೆ ತಿಳಿಸಬೇಕು. ಶರಣಬಸವೇಶ್ವರರ ತೇರಿಗೋ, ಬಂದೇನವಾಜರ ಉರುಸಿಗೋ ಮಗು ಬರಬೇಕೆಂದು ಮನೆಯವರ ಆಸೆ ಇದ್ದರೆ ಅದನ್ನೂ ಬರೆಸಿ. ಇದನ್ನೆಲ್ಲ ಬರೆಸುವುದು ಅಪನಂಬಿಕೆ ಅಂದುಕೊಳ್ಳಬೇಡಿ. ಬರೆದಿದ್ದರೆ ಪ್ರತಿ ಸಲವೂ ಫೋನಿನಲ್ಲಿ ಜಗಳವಾಡಿ ಗೊತ್ತು ಮಾಡಬೇಕಾಗುವುದಿಲ್ಲ. ಆ ಜಗಳವನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವುದು ಮಗು.

ಅಜ್ಜ-ಅಜ್ಜಿಗೆ ಮಗುವನ್ನು ತೋರಿಸಬೇಕೇ?

ಅವರಿಗೆ ಬೇರೆ ಹಕ್ಕು ಅಂತ ಸುಲಭವಾಗಿ ಸಿಗುವುದಿಲ್ಲ. ತಂದೆಯ ಭೇಟಿಯ ದಿನ ಅವರೂ ಇರಬಹುದು ಎಂದು ಆದೇಶದಲ್ಲಿ ಬರೆಸಿ.

ಫೋನಿನಲ್ಲಿ ಮಾತಾಡುವುದನ್ನೂ ಕೋರ್ಟು ಆದೇಶದಲ್ಲಿ ಬರೆಯುತ್ತದೆಯೇ?

ಬರೆಯುತ್ತದೆ, ಬರೆಸಲೇಬೇಕು. ಅದೇ 2020ರ ತೀರ್ಪಿನಲ್ಲಿ, ಸುಪರ್ದು ಸಿಗದ ತಂದೆ ಅಥವಾ ತಾಯಿಗೆ ದಿನಕ್ಕೆ 5ರಿಂದ 10 ನಿಮಿಷ ಮಗುವಿನೊಂದಿಗೆ ಮಾತಾಡುವ ಹಕ್ಕು ಇರಬೇಕು ಎಂದಿದ್ದಾರೆ. ವಿಡಿಯೊ ಕಾಲ್ ಆದರೆ ಒಳ್ಳೆಯದು ಅಂದಿದ್ದಾರೆ.

ಇದು ಯಾಕೆ ಮುಖ್ಯ ಅನ್ನುವುದನ್ನು ನಾನು ಒಂದು ಮಧ್ಯಾಹ್ನ ಕಂಡೆ. ಕೋರ್ಟಿನ ಆವರಣದಲ್ಲಿ ಭೇಟಿಗೆ ದಿನ ಕೊಟ್ಟಿದ್ದರು. ತಾಯಿ ಐದು ವರ್ಷದ ಹುಡುಗಿಯನ್ನು ಪುಣೆಯಿಂದ ಕರೆತಂದಿದ್ದಳು. ಎಂಟು ತಿಂಗಳಿಂದ ಅಪ್ಪ ಮಗಳ ನಡುವೆ ಒಂದು ಫೋನೂ ಇರಲಿಲ್ಲ. ಅಪ್ಪನ ತಾಯಿ ಬೆಂಚಿನ ಮೇಲೆ ಅರಿವೆ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಹಚ್ಚಿಟ್ಟಳು. ಅಪ್ಪ ಮಂಡಿಯೂರಿ ಕೂತು "ಊಟ ಆಯ್ತೇನವಾ?" ಅಂದ. ಹುಡುಗಿ ನೆಲ ನೋಡುತ್ತಾ "ಹೋ, ಝಾಲಂ" ಅಂದಳು. ಅವನಿಗೆ ಮರಾಠಿ ಬರುತ್ತಿರಲಿಲ್ಲ. ಅವನು ನನ್ನ ಮುಖ ನೋಡಿದ. "ಆಯ್ತು ಅಂತಾಳ್ರಿ" ಅಂದೆ. ಮಗಳ ಮಾತನ್ನು ಅಪ್ಪನಿಗೆ ವಕೀಲೆ ಬಿಡಿಸಿ ಹೇಳಬೇಕಾಯಿತು.

ಅಂದಿನಿಂದ ನಾನು ಬರೆಸುವ ಪ್ರತಿ ಮೆಮೊದಲ್ಲಿ ಸಂಜೆಯ ಹತ್ತು ನಿಮಿಷ ಇದ್ದೇ ಇರುತ್ತದೆ. ಯಾವ ನಂಬರ್, ಎಷ್ಟು ಗಂಟೆ, ಸ್ಪೀಕರ್ ಹಾಕಬೇಕೋ ಬೇಡವೋ, ರೀಚಾರ್ಜ್ ಯಾರು ಮಾಡಿಸಬೇಕು, ಎಲ್ಲವೂ. ಸಣ್ಣ ಮಕ್ಕಳು ಫೋನಿನಲ್ಲಿ ಹೆಚ್ಚು ಮಾತಾಡುವುದಿಲ್ಲ, ಬೇಜಾರಾಗಬೇಡಿ. ಒಂದು ಕಥೆ ಹೇಳಿ, ನಿಮ್ಮ ಎಮ್ಮೆ ತೋರಿಸಿ. ಆ ಧ್ವನಿ, ಆ ಭಾಷೆ ಮಗುವಿನ ಕಿವಿಯಲ್ಲಿ ಉಳಿದರೆ ಸಾಕು.

ಅವನು ಒಂದು ರೂಪಾಯಿ ಕಳಿಸುತ್ತಿಲ್ಲ. ಭೇಟಿ ನಿಲ್ಲಿಸಬಹುದೇ?

ಆದೇಶ ಇದ್ದರೆ ನಿಲ್ಲಿಸುವಂತಿಲ್ಲ. ಭೇಟಿ ಬೇರೆ, ಜೀವನಾಂಶ ಬೇರೆ. ಹಾಗೆಯೇ ಅಪ್ಪಂದಿರು "ಮಗು ತೋರಿಸಿದರೆ ರೊಕ್ಕ" ಎಂದು ಷರತ್ತು ಹಾಕುವಂತಿಲ್ಲ. ಎರಡನ್ನೂ ಗಂಟು ಹಾಕಿದವರ ಪ್ರಕರಣಗಳು ವರ್ಷಗಟ್ಟಲೆ ಎಳೆಯುವುದನ್ನು ನೋಡಿ ನನಗೆ ಸಾಕಾಗಿದೆ.

ರೊಕ್ಕಕ್ಕೆ ದಾರಿ ಇದೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೂ ತಂದೆ ಜೀವನಾಂಶ ಕೊಡಬೇಕು. ಹಿಂದೆ ಸಿಆರ್‌ಪಿಸಿ 125 (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಬಿಎನ್‌ಎಸ್‌ಎಸ್ 144ನೇ ಕಲಮು. ಊರು ಬಿಡುವ ತಾಯಂದಿರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಈ ಅರ್ಜಿಯನ್ನು ತಂದೆ ಇರುವಲ್ಲಿ, ಇಲ್ಲವೇ ಅವನು ನಿಮ್ಮೊಂದಿಗೆ ಕೊನೆಗೆ ವಾಸವಾಗಿದ್ದ ಜಾಗದಲ್ಲಿ ಹಾಕಬೇಕಾಗುತ್ತದೆ. "ಹೆಂಡತಿ ಇರುವ ಊರಿನಲ್ಲಿ" ಅನ್ನುವ ಅನುಕೂಲ ಮದುವೆಯಾದವಳಿಗೆ. ಹಾಗಾಗಿ ರೈಲು ಹತ್ತುವ ಮುನ್ನವೇ ಇಲ್ಲಿ ಅರ್ಜಿ ಹಾಕಿ ಹೋಗುವುದು ಜಾಣತನ.

ಅವನು ಕುಡಿದು ಹೊಡೆಯುತ್ತಾನೆ. ವಿಳಾಸ ಹೇಳಿದರೆ ಅಲ್ಲಿಗೂ ಬರುತ್ತಾನೆ.

ಹಾಗಿದ್ದರೆ ಮೊದಲು ನೀವೂ ಮಗುವೂ ಸುರಕ್ಷಿತವಾಗಿರಿ. ಮೇಲೆ ನಾನು ತಿಳಿಸಿ ಹೋಗಿ ಅಂದದ್ದು ನಿಮಗಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ, ಮದುವೆಯಾಗದೆ ಗಂಡ-ಹೆಂಡತಿಯಂತೆ ಒಂದೇ ಮನೆಯಲ್ಲಿ ಬಾಳಿದ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಅದರ 21ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ನಿಮ್ಮ ಸುಪರ್ದಿಗೆ ಕೊಡಬಹುದು, ಭೇಟಿಯಿಂದ ಮಗುವಿಗೆ ಕೇಡಾಗುತ್ತದೆ ಅನ್ನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ನೀವು ತಾತ್ಕಾಲಿಕವಾಗಿ ಆಶ್ರಯ ಪಡೆದ ಊರಿನಲ್ಲೇ ಈ ಅರ್ಜಿ ಹಾಕಬಹುದು, ಅದು ಸೊಲ್ಲಾಪುರವಾಗಲಿ ಹೈದರಾಬಾದಾಗಲಿ. ಭೇಟಿ ಕೊಡಲೇಬೇಕಾದರೆ ಕೋರ್ಟಿನ ಆವರಣದಲ್ಲೇ, ಇನ್ನೊಬ್ಬರ ಎದುರಿನಲ್ಲೇ ಆಗಲಿ ಎಂದು ಕೇಳಿ.

ಶಾಲೆಯ ಹತ್ತಿರದಿಂದ ತಂದೆ ಮಗುವನ್ನು ಎತ್ತಿಕೊಂಡು ಹೋದ. ಪೊಲೀಸರು "ಕೋರ್ಟಿಗೆ ಹೋಗವಾ" ಅಂತಾರೆ.

ಅವರು ಹಾಗನ್ನಲು ಕಾನೂನಿನಲ್ಲೇ ಒಂದು ಎಳೆ ಇದೆ. ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮು ಅಪಹರಣದ್ದು. ಮದುವೆಯ ಹೊರಗೆ ಹುಟ್ಟಿದ ಮಗುವಿನ ತಂದೆ ತಾನೇ ಎಂದು ಪ್ರಾಮಾಣಿಕವಾಗಿ ನಂಬಿದವನಿಗೆ ಅದರಲ್ಲಿ ವಿನಾಯಿತಿ ಇದೆ, ಅವನ ಉದ್ದೇಶ ಅನೈತಿಕ ಅಥವಾ ಕಾನೂನುಬಾಹಿರ ಅಲ್ಲದಿದ್ದರೆ. ಆದರೂ ದೂರು ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅದೇ ದಿನ ಅಥವಾ ಮರುದಿನ ವಕೀಲರನ್ನು ಕಾಣಿ. 1890ರ ಕಾಯ್ದೆಯ 12ನೇ ಕಲಮಿನಲ್ಲಿ ಮಗುವನ್ನು ಹಾಜರುಪಡಿಸಲು ತುರ್ತು ಆದೇಶ ಕೇಳಬಹುದು. ಬಹಳ ಗಂಭೀರ ಪ್ರಕರಣದಲ್ಲಿ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಮಗುವನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವುದು) ಹಾಕಬಹುದು.

ಆದೇಶ ಇದ್ದರೂ ಮಗುವನ್ನು ತೋರಿಸುತ್ತಿಲ್ಲ.

ಆದೇಶ ಕೊಟ್ಟ ಕೋರ್ಟಿನಲ್ಲೇ ಅಮಲ್ಜಾರಿ ಅರ್ಜಿ ಹಾಕಿ. ಅದಕ್ಕೆ ಮುನ್ನ ಲೆಕ್ಕ ಇಟ್ಟಿರಿ: ಯಾವ ದಿನ ಹೋದಿರಿ, ಟಿಕೆಟ್, ನಿಲ್ದಾಣದಲ್ಲಿ ನಿಂತು ಕಳಿಸಿದ ಮೆಸೇಜು, ಬಂದ ಉತ್ತರ. ಬೈಗುಳ ಬರೆಯಬೇಡಿ, ಅದೂ ಕೋರ್ಟಿಗೆ ಬರುತ್ತದೆ. ಮೂರು ಸಲ ತಪ್ಪಿಸಿದ್ದಕ್ಕೆ ಕಾಗದ ಇದ್ದರೆ ನಾಲ್ಕನೆಯದಕ್ಕೆ ಕೋರ್ಟು ಬಿಗಿಯಾಗುತ್ತದೆ.

ಒಮ್ಮೆ ಆದ ಆದೇಶ ಬದಲಾಗುತ್ತದೆಯೇ? ಮಗುವನ್ನು ಕೇಳುತ್ತಾರೆಯೇ?

ಎರಡಕ್ಕೂ ಹೌದು. ಸುಪರ್ದಿನ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಮಗುವಿನ ಅಗತ್ಯ ಬದಲಾದರೆ ಅದನ್ನೂ ಬದಲಿಸಬಹುದು ಎಂದು ಸುಪ್ರೀಂ ಕೋರ್ಟು 1973ರಲ್ಲಿ ರೋಸಿ ಜೇಕಬ್ ಪ್ರಕರಣದಲ್ಲೇ ಹೇಳಿದೆ. ಬುದ್ಧಿ ಬಂದ ಮಗುವಾದರೆ ಅದರ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು. ಇಂಥ ವಯಸ್ಸೇ ಆಗಿರಬೇಕು ಅಂತ ಕಾಯ್ದೆಯಲ್ಲಿಲ್ಲ. ನ್ಯಾಯಾಧೀಶರು ಚೇಂಬರಿಗೆ ಕರೆಸಿ ಒಬ್ಬರೇ ಮಾತಾಡಿಸುವುದುಂಟು. ದಾರಿಯಲ್ಲಿ ಮಗುವಿಗೆ ಉತ್ತರ ಹೇಳಿಕೊಟ್ಟು ಕರೆತರಬೇಡಿ. ಒಳಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ಹೊರಗೆ ಬಂದ ಮೇಲೆ ಮಗು ನಿಮ್ಮಿಬ್ಬರ ಮುಖವನ್ನೂ ನೋಡಲು ಅಂಜುತ್ತದೆ.

ವಕೀಲರಿಗೆ ಕೊಡಲು ರೊಕ್ಕ ಇಲ್ಲ. ಎಲ್ಲಿಗೆ ಹೋಗಲಿ, ಏನು ಹಿಡಿದುಕೊಂಡು ಹೋಗಲಿ?

ಪ್ರತಿ ಜಿಲ್ಲೆಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿಯ ಮೇಲೆ. ಫೋನ್ ನಂಬರ್ 15100. ಬೇರೆ ರಾಜ್ಯಕ್ಕೆ ಹೋದ ಮೇಲೂ ಇದೇ ನಂಬರ್ ನಡೆಯುತ್ತದೆ.

ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಲಸಿಕೆ ಕಾರ್ಡು, ಶಾಲೆಯ ದಾಖಲಾತಿ, ಇಬ್ಬರ ಆಧಾರ್, ಒಟ್ಟಿಗೆ ಇದ್ದ ಮನೆಯ ಬಾಡಿಗೆ ಚೀಟಿ, ರೊಕ್ಕ ಕಳಿಸಿದ ಫೋನ್‌ಪೇ ದಾಖಲೆ, ಹಿರಿಯರು ಬರೆಸಿದ ಬಾಂಡ್ ಇದ್ದರೆ ಅದು. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ. ಎರಡೆರಡು ಝೆರಾಕ್ಸ್ ಮಾಡಿಸಿ, ಒಂದು ಜೊತೆ ತವರಿನಲ್ಲೋ ಅಣ್ಣ-ತಮ್ಮಂದಿರ ಮನೆಯಲ್ಲೋ ಇಟ್ಟು ರೈಲು ಹತ್ತಿ.